ಸಸಿಹಿತ್ಲಿನ ಕಡಲು: ಅಲೆಯ ಅಂದ, ಸೆಳೆತದ ಅಪಾಯ

ಮಂಗಳೂರಿನಿಂದ ಉಡುಪಿಗೆ ಹೋಗುವ ಹೆದ್ದಾರಿಯಲ್ಲಿ ಸುರತ್ಕಲ್ಲನ್ನು ದಾಟಿ ಹಳೆಯಂಗಡಿಗೆ ಬಂದು, ಅಲ್ಲಿಂದ ಪಡುವಣಕ್ಕೆ ತಿರುಗಿದರೆ ಸಸಿಹಿತ್ಲಿನ ದಾರಿ ಸಿಗುತ್ತದೆ. ತೆಂಗಿನ ತೋಟಗಳನ್ನು ಹಾದು ಮುಂದೆ ಸಾಗಿದಂತೆ ನೆಲವು ಒಂದು ಕಿರಿದಾದ ಪಟ್ಟಿಯಾಗಿ ಉಳಿಯುತ್ತದೆ. ಅದರ ಮೂಡಣ ಮಗ್ಗುಲಲ್ಲಿ ನಂದಿನಿ ನದಿ. ಪಡುವಣ ಮಗ್ಗುಲಲ್ಲಿ ಅರಬ್ಬೀ ಸಮುದ್ರ. ಬಡಗಣ ತುದಿಯಲ್ಲಿ ನಂದಿನಿಯು ಮೂಲ್ಕಿಯ ಕಡೆಯಿಂದ ಬರುವ ಶಾಂಭವಿಯೊಡನೆ ಕೂಡಿ ಕಡಲನ್ನು ಸೇರುತ್ತದೆ. ಇಂತಹ ತಾಣವನ್ನು ಕರಾವಳಿಯವರು ಅಳಿವೆಯೆಂದು ಕರೆಯುತ್ತಾರೆ.

ನಾಡದೋಣಿಗೂ ಬಲೆಗೂ ಪರಿಚಿತವಾಗಿದ್ದ ಈ ತೀರದ ಹೆಸರು ಇಂದು ದೂರದೂರಿನ ತರುಣರ ಬಾಯಲ್ಲಿದೆ. ಅದಕ್ಕೆ ಕಾರಣ ಸರ್ಫಿಂಗ್, ಎಂದರೆ ಹಲಗೆಯ ಮೇಲೆ ನಿಂತು ಅಲೆಯನ್ನೇರಿ ದಡದತ್ತ ಧಾವಿಸುವ ಕ್ರೀಡೆ. ಅಮೆರಿಕದಿಂದ ಬಂದು ‘ಸರ್ಫಿಂಗ್ ಸ್ವಾಮಿ’ಯೆಂದು ಹೆಸರಾದ ಜ್ಯಾಕ್ ಹೆಬ್ನರ್ ಅವರ ಪ್ರೇರಣೆಯಿಂದ ೨೦೦೪ರಲ್ಲಿ ಮೂಲ್ಕಿಯಲ್ಲಿ ಮಂತ್ರ ಸರ್ಫ್ ಕ್ಲಬ್ಬು ಹುಟ್ಟಿತು. ೨೦೧೬ರ ಮೇ ತಿಂಗಳಿನಲ್ಲಿ ‘ಇಂಡಿಯನ್ ಓಪನ್ ಆಫ್ ಸರ್ಫಿಂಗ್’ ಸ್ಪರ್ಧೆಯು ಸಸಿಹಿತ್ಲಿನಲ್ಲಿ ನಡೆದ ಮೇಲಂತೂ ಈ ಪುಟ್ಟ ಹಳ್ಳಿಯ ಕೀರ್ತಿ ನಾಡಿನ ಗಡಿಯನ್ನು ದಾಟಿತು.

ಬೆಳಗಿನ ಹೊತ್ತು ಇಲ್ಲಿ ನಿಂತು ನೋಡುವುದೇ ಒಂದು ಸುಖ. ದೂರದಲ್ಲಿ ನೀರು ಮೆಲ್ಲನೆ ಉಬ್ಬುತ್ತದೆ. ದಡವನ್ನು ಸಮೀಪಿಸಿದಂತೆ ಮರಳಿನ ದಿಬ್ಬವನ್ನು ಎಡವಿ ತಲೆಯೆತ್ತಿ, ಬಾಗಿ, ಬಿಳಿನೊರೆಯಾಗಿ ಒಡೆಯುತ್ತದೆ. ಅಲೆಗಳ ಈ ಗದ್ದಲದ ನಡುವೆ ಒಂದೊಂದೆಡೆ ನೊರೆಯಿಲ್ಲದ, ಅಲೆ ಒಡೆಯದ, ಸ್ವಲ್ಪ ಕಪ್ಪಾಗಿ ತೋರುವ ನೀರಿನ ಓಣಿಯೊಂದು ಕಾಣುವುದುಂಟು. ಬಯಲುಸೀಮೆಯಿಂದ ಬಂದವನ ಕಣ್ಣು ಸಹಜವಾಗಿಯೇ ಅತ್ತ ಹೋಗುತ್ತದೆ. ಕೆರೆ ಬಾವಿಗಳಲ್ಲಿ ಈಜು ಕಲಿತವನಿಗೆ ಶಾಂತವಾದ ನೀರೆಂದರೆ ಕ್ಷೇಮ. ಆದರೆ ಕಡಲಿನಲ್ಲಿ ಈ ಪಾಠವು ತಲೆಕೆಳಗಾಗುತ್ತದೆ.

ಅಲೆಗಳು ದಡಕ್ಕೆ ತಂದು ಸುರಿದ ನೀರು ಹಿಂದಿರುಗಲೇಬೇಕು. ಮರಳಿನ ದಿಬ್ಬಗಳ ನಡುವೆ ತಗ್ಗು ಸಿಕ್ಕಲ್ಲಿ ಅದು ಒಟ್ಟಾಗಿ ನುಗ್ಗಿ ಆಳದತ್ತ ಹರಿಯುತ್ತದೆ. ಆ ತಗ್ಗು ಆಳವಾಗಿರುವುದರಿಂದಲೇ ಅಲ್ಲಿ ಅಲೆ ಒಡೆಯುವುದಿಲ್ಲ. ‘ರಿಪ್’ ಎಂದು ಹೆಸರಾದ ಸೆಳೆತ ಇದೇ. ಅದು ಬಲವಾದಾಗ ಸೆಕೆಂಡಿಗೆ ೨ ಮೀಟರಿಗಿಂತಲೂ ವೇಗವಾಗಿ ಹರಿಯಬಲ್ಲುದು. ೧೦೦ ಮೀಟರ್ ಈಜಿನ ವಿಶ್ವದಾಖಲೆಯ ವೀರನ ಸರಾಸರಿ ವೇಗವೂ ಹೆಚ್ಚುಕಡಿಮೆ ಅಷ್ಟೇ! ಅಂದಮೇಲೆ ಸಾಮಾನ್ಯನು ಅದಕ್ಕೆ ಎದುರಾಗಿ ಈಜಿ ದಡ ಸೇರುವುದೆಂತು?

ಸಸಿಹಿತ್ಲಿನಲ್ಲಷ್ಟೇ ಅಲ್ಲ, ಕರಾವಳಿಯ ಉದ್ದಕ್ಕೂ ಈ ಅಪಾಯವುಂಟು. ೨೦೨೪ರ ಡಿಸೆಂಬರಿನಲ್ಲಿ ಶಾಲಾ ಪ್ರವಾಸಕ್ಕೆಂದು ಕೋಲಾರ ಜಿಲ್ಲೆಯಿಂದ ಮುರ್ಡೇಶ್ವರಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಅದು ಮಳೆಗಾಲವಲ್ಲ ಎಂಬುದನ್ನು ಮರೆಯುವಂತಿಲ್ಲ. ಕಡಲನ್ನು ಅದುವರೆಗೆ ಕಾಣದ ಮಕ್ಕಳನ್ನು ಕರೆತರುವವರ ಹೊಣೆ ಎಷ್ಟು ದೊಡ್ಡದೆಂಬುದನ್ನು ಹೇಳಲು ಇನ್ನೊಂದು ನಿದರ್ಶನ ಬೇಕಿಲ್ಲ.

ಸೆಳೆತಕ್ಕೆ ಸಿಕ್ಕವನು ಮೊದಲು ತಿಳಿಯಬೇಕಾದ ಮಾತೊಂದಿದೆ: ಅದು ಮನುಷ್ಯನನ್ನು ಆಳದ ಕಡೆಗೆ ಒಯ್ಯುತ್ತದೆಯೇ ಹೊರತು ನೀರಿನ ಅಡಿಗೆ ಎಳೆಯುವುದಿಲ್ಲ. ಕೊಲ್ಲುವುದು ಗಾಬರಿ ಮತ್ತು ದಣಿವು. ಆದುದರಿಂದ ಅದರೊಡನೆ ಹೋರಾಡಬಾರದು. ಮೈಯನ್ನು ಸಡಿಲಬಿಟ್ಟು ತೇಲುತ್ತ, ಕೈಯೆತ್ತಿ ಸಹಾಯಕ್ಕಾಗಿ ಕೂಗಬೇಕು. ಶಕ್ತಿಯಿದ್ದರೆ ದಡಕ್ಕೆ ಸಮಾನಾಂತರವಾಗಿ ಅಡ್ಡಲಾಗಿ ಈಜಿ ಆ ಓಣಿಯಿಂದ ಹೊರಬಂದು, ಬಳಿಕ ನೊರೆಯಲೆಗಳು ಒಡೆಯುವ ಕಡೆಯಿಂದ ದಡಕ್ಕೆ ಬರಬೇಕು. ದಡದಲ್ಲಿರುವವರು ಆತುರದಿಂದ ನೀರಿಗೆ ಹಾರುವುದು ತಪ್ಪು; ಒಬ್ಬನನ್ನು ಉಳಿಸಹೋಗಿ ಇಬ್ಬರು ಮುಳುಗಿದ ಕತೆಗಳು ಪ್ರತಿಯೊಂದು ತೀರದಲ್ಲಿಯೂ ಇವೆ. ಹಗ್ಗವನ್ನೋ ತೇಲುವ ಡಬ್ಬಿಯನ್ನೋ ಎಸೆಯಬೇಕು. ಜೀವರಕ್ಷಕರನ್ನೂ ಮೀನುಗಾರರನ್ನೂ ಕರೆಯಬೇಕು. ೧೧೨ಕ್ಕೆ ದೂರವಾಣಿ ಮಾಡಬೇಕು.

ಅಳಿವೆಯ ಬಳಿ ಸ್ನಾನಕ್ಕಿಳಿಯುವುದು ಎಂದಿಗೂ ಸಲ್ಲದು. ಇಳಿತದ ಹೊತ್ತಿನಲ್ಲಿ ನದಿಯ ನೀರೂ ಹಿಂದೆಗೆಯುವ ಕಡಲ ನೀರೂ ಒಂದಾಗಿ ಅಲ್ಲಿ ರಭಸದಿಂದ ಹೊರನುಗ್ಗುತ್ತವೆ. ಮುಂಗಾರಿನ ತಿಂಗಳುಗಳಲ್ಲಿ ನೀರಿನಿಂದ ದೂರವಿರುವುದೇ ಲೇಸು. ಮೀನಿನ ಸಂತತಿಯ ರಕ್ಷಣೆಗೆಂದು ಜೂನ್ ೧ರಿಂದ ಜುಲೈ ೩೧ರವರೆಗೆ ಯಾಂತ್ರಿಕ ದೋಣಿಗಳೂ ಇಲ್ಲಿ ಕಡಲಿಗಿಳಿಯುವುದಿಲ್ಲ. ಬೇಸಗೆಯಲ್ಲಿ ಇನ್ನೊಂದು ವಿಚಿತ್ರವುಂಟು. ದಕ್ಷಿಣ ಮಹಾಸಾಗರದ ಬಿರುಗಾಳಿಯಿಂದೆದ್ದ ಅಲೆಗಳು ಸಾವಿರಾರು ಮೈಲಿ ಸಾಗಿ ಬಂದು, ಗಾಳಿಯೂ ಮೋಡವೂ ಇಲ್ಲದ ದಿನ ಫಕ್ಕನೆ ತೀರವನ್ನು ಮುತ್ತುತ್ತವೆ. ಮಲೆಯಾಳದ ಬೆಸ್ತರು ಇದನ್ನು ‘ಕಳ್ಳಕ್ಕಡಲ್’ ಎನ್ನುವರು. ಕನ್ನಡಿಗರಿಗೂ ಅರ್ಥ ಹೇಳಬೇಕಾಗಿಲ್ಲ. ೨೦೧೨ರಲ್ಲಿ ಯುನೆಸ್ಕೊ ಈ ಹೆಸರನ್ನೇ ಅಂಗೀಕರಿಸಿತು. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರವು ಇಂತಹ ಅಲೆಗಳ ಮುನ್ಸೂಚನೆಯನ್ನು ಪ್ರಕಟಿಸುತ್ತದೆ.

ಹಲಗೆಯೇರುವ ಆಸೆಯುಳ್ಳವರು ಮಳೆ ಕಳೆದ ಮೇಲೆ ಬಂದು, ಬಲ್ಲ ಶಿಕ್ಷಕರ ಕೈಕೆಳಗೆ, ಸೊಂಟದಾಳದ ನೀರಿನಲ್ಲಿ ಪಾಠವನ್ನಾರಂಭಿಸುವುದು ಕ್ರಮ. ಹಲಗೆಯನ್ನು ಕಾಲಿಗೆ ಬಿಗಿಯುವ ಹಗ್ಗವನ್ನು ಅಲಕ್ಷಿಸಬಾರದು. ತೇಲುವ ಹಲಗೆಯೇ ಅಲ್ಲಿ ಆಪದ್ಬಂಧು. ನುರಿತ ಸವಾರರು ಅದೇ ಸೆಳೆತದ ಓಣಿಯನ್ನು ಹಿಡಿದು ಶ್ರಮವಿಲ್ಲದೆ ಅಲೆಗಳಾಚೆ ಹೋಗುತ್ತಾರೆ. ಅಜ್ಞನಿಗೆ ಮೃತ್ಯುವಾದುದು ಬಲ್ಲವನಿಗೆ ಹೆದ್ದಾರಿ.

ಆದುದರಿಂದ ಸಸಿಹಿತ್ಲಿಗೆ ಹೋಗುವವರು ನೀರಿಗಿಳಿಯುವ ಮುನ್ನ ಹತ್ತು ನಿಮಿಷ ಮರಳಿನ ಮೇಲೆ ಕುಳಿತು ಕಡಲನ್ನು ನೋಡಲಿ. ಬಲೆ ಹೆಣೆಯುತ್ತ ಕುಳಿತ ಹಿರಿಯರೊಬ್ಬರನ್ನು, “ಅಣ್ಣಾ, ಇಂದು ಎಲ್ಲಿ ಇಳಿಯಬಹುದು?” ಎಂದು ಕೇಳಲಿ. “ಇಂದು ಬೇಡ” ಎಂದು ಅವರು ಹೇಳಿದರೆ ಆ ಮಾತನ್ನು ಮೀರದಿರಲಿ. ದಡದಲ್ಲಿ ಕುಳಿತವರಿಗೂ ಸಸಿಹಿತ್ಲಿನ ಸೂರ್ಯಾಸ್ತವು ಏನೂ ಕಡಮೆಯದಲ್ಲ.