ಪಾಟಿಯೂ ಕಂಪ್ಯೂಟರೂ

ಸೇಡಮ್, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿನಿಯರಾದ ನಾವು ಐವರು ಈ ಸ್ಮರಣ ಸಂಚಿಕೆಯ ಲೇಖನಗಳನ್ನು ಕೂಡಿಸುವ ಭಾರವನ್ನು ಹೊತ್ತೆವು. ಆ ಕೆಲಸದಲ್ಲಿ ನಾವು ಕಲಿತ ಒಂದು ಪಾಠವನ್ನು ತಮ್ಮ ಮುಂದೆ ಅರಿಕೆಮಾಡಿಕೊಳ್ಳಲು ಅಪ್ಪಣೆಯಾಗಬೇಕು.

ಶಹಾಬಾದಿ ಫರ್ಸಿಯ ತಣ್ಣನೆಯ ನೆಲದ ಮೇಲೆ ಕುಳಿತು ಪಾಟಿಯಲ್ಲಿ ಅಕ್ಷರ ತಿದ್ದಿದವರು ನಾವು. ಪಾಟಿಯು ಹಗುರವಾದುದು; ಬರೆದುದನ್ನು ಒರೆಸಿ ಮತ್ತೆ ಬರೆಯಬಹುದು. ಆದರೆ ವಾರ್ಷಿಕ ಪರೀಕ್ಷೆಯನ್ನು ನಾವಾರೂ ಪಾಟಿಯ ಮೇಲೆ ಬರೆಯಲಿಲ್ಲ. ಉಳಿಯತಕ್ಕ ಬರಹಕ್ಕೆ ಕಾಗದವೇ ಬೇಕಾಗಿತ್ತು. ಇಂದಿನ ಟ್ಯಾಬ್ಲೆಟ್ಟು ಹೊಸ ಕಾಲದ ಪಾಟಿಯೇ ಸರಿ. ‘ಇದೊಂದಿದ್ದ ಮೇಲೆ ಮಗಳಿಗೆ ಕಂಪ್ಯೂಟರು ಏತಕ್ಕೆ?’ ಎಂದು ಅನೇಕ ತಂದೆತಾಯಿಗಳು ನಮ್ಮನ್ನು ಕೇಳಿರುತ್ತಾರೆ.

ಈ ಪ್ರಶ್ನೆಯು ನಮ್ಮ ಸೀಮೆಗೆ ಮಾತ್ರ ಸೇರಿದುದಲ್ಲ. 2010ರಲ್ಲಿ ಆಪಲ್ ಕಂಪನಿಯ ಐಪ್ಯಾಡ್ ಹೊರಬಂದಂದಿನಿಂದಲೂ ಲೋಕವು ಇದನ್ನು ಚರ್ಚಿಸುತ್ತಿದೆ. 2011ನೆಯ ಅಕ್ಟೋಬರಿನಲ್ಲಿ ಭಾರತ ಸರ್ಕಾರವು ವಿದ್ಯಾರ್ಥಿಗಳಿಗೋಸ್ಕರ ‘ಆಕಾಶ್’ ಎಂಬ ಅಗ್ಗದ ಟ್ಯಾಬ್ಲೆಟ್ಟನ್ನು ಬಿಡುಗಡೆಮಾಡಿತು. ಕರ್ನಾಟಕ ಸರ್ಕಾರವು ಮೊದಲು ಸರ್ಕಾರಿ ಪದವಿ ಕಾಲೇಜುಗಳಲ್ಲಿ ಲ್ಯಾಪ್‌ಟಾಪುಗಳನ್ನು ಕೊಟ್ಟಿತ್ತು. ಕೊರೋನಾ ಕಾಲದಲ್ಲಿ, 2021ನೆಯ ಜೂನ್ ತಿಂಗಳಲ್ಲಿ, ಸುಮಾರು 1,55,000 ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ಟುಗಳನ್ನು ಹಂಚತೊಡಗಿತು. ನಮ್ಮಲ್ಲೊಬ್ಬಳ ಮಗಳಿಗೂ ಒಂದು ದೊರಕಿತು. ಮುಚ್ಚಿದ್ದ ಕಾಲೇಜಿನ ಪಾಠವು ಮನೆಯ ಪಡಸಾಲೆಗೆ ಬಂದುದು ಅದರಿಂದಲೇ. ಆ ಉಪಕಾರವನ್ನು ನಾವು ಮರೆಯಲಾರೆವು.

ಈ ಸಂಚಿಕೆಯ ಕೆಲಸಕ್ಕೂ ನಾವು ಮೊದಲು ಟ್ಯಾಬ್ಲೆಟ್ಟನ್ನೇ ನೆಚ್ಚಿದೆವು. ಸೇಡಮಿನಿಂದ ಚಿತ್ತಾಪುರದ ಮೇಲೆ ವಾಡಿಗೆ ಬರುವ ರೈಲಿನಲ್ಲಿ ಲೇಖನಗಳನ್ನು ಓದಿದೆವು. ರೈಲಿಲ್ಲದ ಚಿಂಚೋಳಿಯ ಗೆಳತಿ ಬಸ್ಸಿನಲ್ಲಿ ಓದಿದಳು. ಕರೆಂಟು ಹೋದ ಸಂಜೆಗಳಲ್ಲಿಯೂ ಓದು ನಿಲ್ಲಲಿಲ್ಲ. ವಯೋವೃದ್ಧರಾದ ನಮ್ಮ ಉಪಾಧ್ಯಾಯಿನಿಯೊಬ್ಬರು ಅಕ್ಷರಗಳನ್ನು ಬೆರಳಿನಿಂದ ಹಿಗ್ಗಿಸಿಕೊಂಡು, ತಮ್ಮ ಲೇಖನವನ್ನು ತಾವೇ ಓದಿ ಸಂತೋಷಪಟ್ಟರು.

ಆದರೆ ಓದುವುದು ಮುಗಿದು ಪುಸ್ತಕವನ್ನು ಕಟ್ಟುವ ಕೆಲಸ ಮೊದಲಾದಾಗ ತೊಡಕು ಎದುರಾಯಿತು. ಅನೇಕ ಲೇಖನಗಳು ಹಳೆಯ ‘ನುಡಿ’ ತಂತ್ರಾಂಶದಲ್ಲಿ ಬೆರಳಚ್ಚಾಗಿ ಬಂದಿದ್ದುವು. ಆ ಪದ್ಧತಿಯಲ್ಲಿ ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿರುವರು. ಆ ಫಾಂಟು ಇಲ್ಲದ ಯಂತ್ರದಲ್ಲಿ ಕನ್ನಡವು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯಾಗಿ ಕಾಣುವುದು. ಯೂನಿಕೋಡಿನಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮವೇ ಆದ ಸಂಖ್ಯೆಗಳುಂಟು. ಆದಕಾರಣ ಅದರಲ್ಲಿ ಬರೆದವು ಮಾತ್ರ ನಮ್ಮ ಟ್ಯಾಬ್ಲೆಟ್ಟಿನಲ್ಲಿ ನೆಟ್ಟಗೆ ಕಂಡುವು. ಎರಡು ಪ್ರತಿಗಳನ್ನು ಅಕ್ಕಪಕ್ಕದಲ್ಲಿಟ್ಟು ಹೋಲಿಸುವುದಕ್ಕೂ, ಹಳೆಯ ವಿದ್ಯಾರ್ಥಿನಿಯರ ಉದ್ದನೆಯ ಪಟ್ಟಿಯನ್ನು ತಿದ್ದುವುದಕ್ಕೂ ಬೆರಳು ಸಾಲದಾಯಿತು. ಒಬ್ಬಳ ಹೆಸರನ್ನು ಸರಿಪಡಿಸಹೋಗಿ ಅವಳ ನೆರೆಯವಳ ಹೆಸರನ್ನೇ ಅಳಿಸಿದೆವು. ಎರಡು ವಾರ ಹೀಗೆ ತಡವರಿಸಿ, ಕೊನೆಗೆ ಶಹಾಬಾದಿನ ಗೆಳತಿಯ ಮನೆಯ ಹಳೆಯ ಕಂಪ್ಯೂಟರಿನ ಮುಂದೆ ಕುಳಿತು ಮೂರು ಸಂಜೆಗಳಲ್ಲಿ ಎಲ್ಲವನ್ನೂ ಮುಗಿಸಿದೆವು.

ಹಾಗೆಂದು ಟ್ಯಾಬ್ಲೆಟ್ಟಿಗೆ ಬಲವಿಲ್ಲವೆಂದರೆ ಅನ್ಯಾಯವಾದೀತು. 2021ರ ಐಪ್ಯಾಡ್ ಪ್ರೊದಲ್ಲಿ ಅದೇ ಕಂಪನಿಯ ಕಂಪ್ಯೂಟರುಗಳಲ್ಲಿದ್ದ ಎಂ1 ಚಿಪ್ಪನ್ನೇ ಇಟ್ಟಿದ್ದರು. ಕೀಲಿಮಣೆಯನ್ನು ಜೋಡಿಸಿಕೊಂಡರೆ ಪತ್ರವನ್ನೂ ಪ್ರಬಂಧವನ್ನೂ ಬರೆಯಬಹುದು. ಚಿತ್ರ ಬರೆಯುವವಳಿಗಂತೂ ಅದೇ ಮೇಲು. ಕೊರತೆಯು ಬಲದ್ದಲ್ಲ, ಕೆಲಸದ ರೀತಿಯದು. ಓದುವುದಕ್ಕೆ, ಕೇಳುವುದಕ್ಕೆ, ನೋಡುವುದಕ್ಕೆ ಅದು ಉತ್ತಮ ಸಾಧನ. ದೊಡ್ಡ ಲೆಕ್ಕವನ್ನು ಇಡುವುದಕ್ಕೆ, ಪುಸ್ತಕವನ್ನು ಕಟ್ಟುವುದಕ್ಕೆ, ಪ್ರೋಗ್ರಾಮು ಬರೆಯುವುದಕ್ಕೆ ಕಂಪ್ಯೂಟರೇ ತಕ್ಕುದು.

ಇನ್ನು ಹೇಳಲು ನಾಚಿಕೆಯಾಗುವ ಒಂದು ಮಾತುಂಟು. ಮೇಲೆ ಹೇಳಿದ ಆ ಮಗಳು ತನ್ನ ಪದವಿಯ ಯೋಜನಾ ವರದಿಯನ್ನು ಅದೇ ಟ್ಯಾಬ್ಲೆಟ್ಟಿನಲ್ಲಿ ಒಂದೊಂದೇ ಅಕ್ಷರವನ್ನು ಒತ್ತಿ ಬರೆದಳು. ಅದೇ ಮನೆಯಲ್ಲಿ ಅವಳ ಅಣ್ಣನ ಮೇಜಿನ ಮೇಲೆ ಕಂಪ್ಯೂಟರು ಇತ್ತು. ‘ಅವ್ವಾ, ಅಣ್ಣನದು ಮುಗಿದ ಮೇಲೆ ನಾನು ಕೂತುಕೊಳ್ಳಲೇ?’ ಎಂದು ಅವಳು ಕೇಳಿದಾಗ, ‘ನಿನಗೆ ಸರ್ಕಾರದವರು ಕೊಟ್ಟದ್ದು ಸಾಲದೇ?’ ಎಂದು ತಾಯಿ ಉತ್ತರಿಸಿದಳು. ಮೊನ್ನೆ ಶಹಾಬಾದಿನಲ್ಲಿ ನಮ್ಮ ಕೆಲಸವು ಮುಗಿದ ಸಂಜೆ ಆ ತಾಯಿಯೇ ಇದನ್ನು ನಮಗೆ ತಿಳಿಸಿ ಕಣ್ಣೊರೆಸಿಕೊಂಡಳು. ನಾವು ಉಳಿದ ನಾಲ್ವರೂ ಮಾತನಾಡಲಿಲ್ಲ. ಏಕೆಂದರೆ ಅಂಥ ಮಾತನ್ನು ನಮ್ಮ ನಮ್ಮ ಮನೆಗಳಲ್ಲಿ ನಾವೂ ಆಡಿದವರೇ.

ಆದುದರಿಂದ ಪೋಷಕರಲ್ಲಿ ನಮ್ಮ ವಿಜ್ಞಾಪನೆ ಇಷ್ಟೇ: ಕೆಳಗಿನ ತರಗತಿಯ ಹುಡುಗಿಗೆ ಟ್ಯಾಬ್ಲೆಟ್ಟು ಸಾಕೆಂದರೆ ಸಾಕು. ಆದರೆ ಅವಳು ತಾನೇ ಏನನ್ನಾದರೂ ಬರೆದು, ಎಣಿಸಿ, ಕಟ್ಟತೊಡಗಿದ ದಿನ ಅವಳನ್ನು ಕಂಪ್ಯೂಟರಿನ ಮುಂದೆ ಕೂರಿಸಿರಿ. ಹೊಸದನ್ನು ಕೊಳ್ಳಲು ಶಕ್ತಿಯಿಲ್ಲದಿದ್ದರೆ ಹಳೆಯದಾಗಲಿ. ಅದೂ ಇಲ್ಲದಿದ್ದರೆ ಅಣ್ಣನ ಮೇಜಿನಲ್ಲಿ ದಿನಕ್ಕೊಂದು ಗಂಟೆ ಅವಳದಾಗಲಿ. ನಮ್ಮ ಹಿರಿಯರು ನಮಗೆ ಪಾಟಿಯನ್ನು ಕೊಟ್ಟು ಅಷ್ಟಕ್ಕೇ ನಿಲ್ಲಿಸಲಿಲ್ಲ. ಕಾಗದವನ್ನೂ ಲೇಖನಿಯನ್ನೂ ಕೈಗಿತ್ತರು. ನಾವು ನಮ್ಮ ಹೆಣ್ಣುಮಕ್ಕಳಿಗೆ ಅದಕ್ಕಿಂತ ಕಡಮೆಯನ್ನು ಕೊಡಬಾರದು.