ತಂತಿಯ ಕೆಳಗಿನ ಕೂದಲೆಳೆ

ಧಾರವಾಡದ ಪೇಟೆಯಲ್ಲಿ 'ಜವಾರಿ' ಎಂಬ ಶಬ್ದಕ್ಕೆ ಬೆಲೆ ಹೆಚ್ಚು. ಜವಾರಿ ಬದನೆಕಾಯಿ, ಜವಾರಿ ಸೌತೆಕಾಯಿ, ಜವಾರಿ ಆಕಳ ತುಪ್ಪ—ಈ ಒಂದು ಮಾತು ಸೇರಿತೆಂದರೆ ಗಿರಾಕಿಯು ಚೌಕಾಶಿಯನ್ನು ಅರ್ಧಕ್ಕೇ ನಿಲ್ಲಿಸುತ್ತಾನೆ. ಈ ನೆಲದಲ್ಲಿಯೇ ಹುಟ್ಟಿದ್ದು, ಕಲಬೆರಕೆಯಿಲ್ಲದ್ದು ಎಂದು ಅದರ ಅರ್ಥ. ಆದರೆ ಇದೇ ಊರಿನ ಗವಾಯಿಗಳ ಮನೆಗಳಲ್ಲಿ ಅದೇ ಶಬ್ದಕ್ಕೆ ಬೇರೊಂದು ಅರ್ಥವುಂಟು. ತಂಬೂರಿಯ ತಂತಿಯು ಕುದುರೆಯ ಮೈಯನ್ನು ಸವರಿಕೊಂಡು ನುಡಿಯುವಾಗ ದುಂಬಿಯ ಝೇಂಕಾರದಂತಹ ನಾದವೊಂದು ಅರಳುತ್ತದೆಯಷ್ಟೆ; ಅದಕ್ಕೂ ಜವಾರಿಯೆಂದೇ ಹೆಸರು. 'ಜೀವ' ಎಂಬುದರಿಂದ ಬಂದ ಮಾತೆಂದು ಹೇಳುವ ವಾಡಿಕೆ. ಜವಾರಿ ಮುಚ್ಚಿಹೋದ ತಂಬೂರಿಯನ್ನು ಕೇಳಿದವರಿಗೆ ಆ ವಾಡಿಕೆಯಲ್ಲಿ ಅತಿಶಯೋಕ್ತಿ ಕಾಣದು.

ಕಿರಾಣಾ ಘರಾಣೆಯ ಅಬ್ದುಲ್ ಕರೀಮ್ ಖಾನರ ಶಿಷ್ಯರಾದ ಕುಂದಗೋಳದ ಸವಾಯಿ ಗಂಧರ್ವರು (೧೮೮೬–೧೯೫೨), ಅವರ ಶಿಷ್ಯರಾದ ಗಂಗೂಬಾಯಿ ಹಾನಗಲ್ (೧೯೧೩–೨೦೦೯) ಮತ್ತು ಭೀಮಸೇನ ಜೋಶಿ (೧೯೨೨–೨೦೧೧)—ಈ ಪರಂಪರೆಯ ಗಾಯನವೆಲ್ಲ ತಂಬೂರಿಯ ಶ್ರುತಿಯನ್ನು ಆಧರಿಸಿ ನಿಂತದ್ದು. ಅವರ ಹಾಡನ್ನು ಕೇಳಿ ಬೆಳೆದ ಹುಬ್ಬಳ್ಳಿ-ಧಾರವಾಡಗಳ ಮನೆಗಳಲ್ಲಿ, ಹಾಡುವವರು ಇದ್ದರೂ ಇಲ್ಲದಿದ್ದರೂ, ಗವಸು ತೊಟ್ಟ ತಂಬೂರಿಯೊಂದು ಮೂಲೆಯಲ್ಲಿ ನಿಂತಿರುವುದು ಅಪರೂಪವೇನಲ್ಲ.

ಮಾಳಮಡ್ಡಿಯ ಒಂದು ಮನೆಯಲ್ಲಿ ಅಂತಹದೊಂದು ತಂಬೂರಿಯುಂಟು. ಅದರ ಒಡತಿಗೆ ಈಗ ೭೮ ವರ್ಷ. ಮದುವೆಗೆ ಮೊದಲು ಆಕೆಯ ತಂದೆ ಮಿರಜಕ್ಕೆ ಹೋಗಿ ಮಾಡಿಸಿ ತಂದದ್ದು. ಆಕೆ ಕಚೇರಿಗಳಲ್ಲಿ ಹಾಡಿದವರಲ್ಲ. ಅಡಿಗೆಯಾದ ಮೇಲೆ, ಮಕ್ಕಳು ಮಲಗಿದ ಮೇಲೆ, ತಮಗಾಗಿ ಹಾಡಿಕೊಂಡವರು. ಕಂಠ ಸೋತು ಹತ್ತು ವರ್ಷಗಳಾದವು. ತಂಬೂರಿಯೂ ಆಕೆಯ ಜೊತೆಗೇ ಮೌನ ತಾಳಿತು.

ಅದೇ ಮನೆಯಲ್ಲಿ ಗಿಟಾರೊಂದೂ ಉಂಟು. ಅದು ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮೊಮ್ಮಗನದು. ಅಗ್ಗದ ಗಿಟಾರಾದುದರಿಂದ ತಂತಿಗಳು ತೀರ ಎತ್ತರದಲ್ಲಿದ್ದು, ಒತ್ತಿ ಒತ್ತಿ ಬೆರಳ ತುದಿಗಳು ಬಾತುಕೊಳ್ಳುತ್ತಿದ್ದವು. ಹುಡುಗನು ಒಂದು ಭಾನುವಾರ ಅದರ ಶಸ್ತ್ರಚಿಕಿತ್ಸೆಗೆ ಕುಳಿತನು. ಕೊರಳು ಬಾಗಿಲ್ಲವೆಂದು ಮೊದಲು ನೋಡಿಕೊಂಡನು. ಹನ್ನೆರಡನೆಯ ಮೆಟ್ಟಿನ ಬಳಿ ಅಳೆದಾಗ ದಪ್ಪ ತಂತಿ ಮೂರೂವರೆ ಮಿಲಿಮೀಟರ್ ಎತ್ತರದಲ್ಲಿತ್ತು, ಎರಡೂವರೆಗೆ ಇಳಿಸಬೇಕು. ಆ ಮೆಟ್ಟು ತಂತಿಯ ನಟ್ಟನಡುವೆ ಇರುವುದರಿಂದ, ಅಲ್ಲಿ ಒಂದು ಮಿಲಿಮೀಟರ್ ಇಳಿಯಬೇಕಾದರೆ ಕುದುರೆಯಲ್ಲಿ ಎರಡು ಇಳಿಯಬೇಕು. ಗಿಟಾರಿನ ಕುದುರೆಯ ಸೀಳಿನಲ್ಲಿ ಮೂಳೆಯ ಸಣ್ಣ ಪಟ್ಟಿಯೊಂದು ಕುಳಿತಿರುತ್ತದೆ. ಇಂಗ್ಲಿಷರು ಅದನ್ನು ಜೀನು ಎನ್ನುತ್ತಾರೆ. ಕುದುರೆ ಕನ್ನಡಿಗರದು, ಜೀನು ಅವರದು! ತಂತಿಗಳನ್ನು ಸಡಿಲಿಸಿ ಆ ಪಟ್ಟಿಯನ್ನು ಹೊರತೆಗೆದು, ಪೆನ್ಸಿಲ್ಲಿನಿಂದ ಗೆರೆ ಎಳೆದು, ಗಾಜಿನ ಮೇಲೆ ಹಾಸಿದ ಸ್ಯಾಂಡ್‌ಪೇಪರಿನ ಮೇಲೆ ಅದರ ತಳವನ್ನು ಸಮನಾಗಿ ತಿಕ್ಕಿದನು. ಸಂಜೆಯ ವೇಳೆಗೆ ಗಿಟಾರು ಬೆರಳಿಗೆ ಮೆತ್ತಗಾಯಿತು.

ಗೆದ್ದ ಕೈ ಸುಮ್ಮನಿರುವುದೇ? ಅವನ ಕಣ್ಣು ಮೂಲೆಯ ತಂಬೂರಿಯ ಮೇಲೆ ಬಿದ್ದಿತು. ಗವಸು ತೆಗೆದು ಮೀಟಿದರೆ 'ಟಕ್' ಎಂದು ಮರ ಬಡಿದಂತಹ ಸದ್ದು.

“ಅಜ್ಜಿ, ಇದನ್ನೂ ಒಂದಿಷ್ಟು ತಿಕ್ಕಿಬಿಡ್ತೀನಿ.”

“ತಿಕ್ಕೂದು ಸರಳ ಅದ ತಮ್ಮಾ. ತಿಕ್ಕಿದ್ದನ್ನ ತಿರುಗಿ ಹಚ್ಚೂದು ಯಾರು?”

ಆ ಪ್ರಶ್ನೆಯಲ್ಲಿ ಎರಡು ವಾದ್ಯಗಳ ಅಂತರವೆಲ್ಲ ಅಡಗಿದೆ. ಗಿಟಾರಿನಲ್ಲಿ ತಿಕ್ಕುವುದು ಕಣ್ಣಿಗೆ ಬೀಳದ ತಳವನ್ನು. ಹೆಚ್ಚು ಸವೆದರೆ ಕೆಳಗೊಂದು ತೆಳು ಚಕ್ಕೆ ಇಡಬಹುದು, ಹೊಸ ಪಟ್ಟಿಯನ್ನೇ ಕೊಳ್ಳಬಹುದು. ತಂಬೂರಿಯಲ್ಲಿ ತಿಕ್ಕಬೇಕಾದದ್ದು ತಂತಿ ಮಲಗುವ ಮೇಲ್ಮೈಯನ್ನೇ. ಗಿಟಾರಿನವನಿಗೆ ತಂತಿ ಮೆಟ್ಟಿಗೆ ತಾಗಿ ಗುಂಯ್‌ಗುಟ್ಟಿದರೆ ಅದು ದೋಷ. ತಂಬೂರಿಯವರಿಗೆ ಗುಂಯ್‌ಗುಟ್ಟದಿದ್ದರೆ ದೋಷ. ಅದರ ಕುದುರೆ ಅಗಲವಾದದ್ದು. ಬೆನ್ನು ಕಂಡೂ ಕಾಣದಷ್ಟು ಇಳಿಜಾರು. ತಂತಿ ಕಂಪಿಸುತ್ತಿರುವಾಗ ಆ ಇಳಿಜಾರಿನ ಮೇಲೆ ಒಮ್ಮೆ ತಾಗಿ ಒಮ್ಮೆ ಬಿಟ್ಟು ಹೋಗುವುದರಿಂದ, ಮೂಲಸ್ವರದೊಳಗಿನಿಂದ ಮೇಲಿನ ಸ್ವರಗಳು ಒಂದೊಂದಾಗಿ ಹೊಮ್ಮುತ್ತವೆ. ಸರ್ ಸಿ. ವಿ. ರಾಮನ್ನರು ೧೯೨೧ರಲ್ಲಿ ವೀಣೆ-ತಂಬೂರಿಗಳ ಕುರಿತು ಪ್ರಕಟಿಸಿದ ಪ್ರಬಂಧದಲ್ಲಿ ಈ ವೈಚಿತ್ರ್ಯವನ್ನೇ ಎತ್ತಿ ತೋರಿಸಿದರು. ಮೀಟುವ ಜಾಗವನ್ನನುಸರಿಸಿ ಯಾವ ಉಪಸ್ವರವು ಏಳಬಾರದೆಂದು ಪಾಶ್ಚಾತ್ಯ ನಿಯಮವು ಹೇಳುವುದೋ, ಅದೇ ಉಪಸ್ವರವು ತಂಬೂರಿಯಲ್ಲಿ ಸ್ಪಷ್ಟವಾಗಿ ಕೇಳಿಬರುತ್ತದೆ. ಆ ಸೋಜಿಗದ ಮೂಲ ಕುದುರೆಯ ಬೆನ್ನಿನಲ್ಲಿದೆ.

ಅಜ್ಜಿ ಮೊದಲು ಅರವನ್ನು ಮುಟ್ಟಗೊಡಲಿಲ್ಲ. ಹೊಲಿಗೆಯ ಪೆಟ್ಟಿಗೆಯಿಂದ ಹತ್ತಿಯ ದಾರ ತರಿಸಿದರು. ತಂತಿ ಮತ್ತು ಕುದುರೆಯ ನಡುವೆ ಒಂದೊಂದು ಎಳೆಯನ್ನು ಸೇರಿಸಿ ಕೂದಲಿನಷ್ಟು ಹಿಂದೆ ಮುಂದೆ ಸರಿಸುತ್ತ ಹೋದಂತೆ, ನಡುವಿನ ಜೋಡಿ ಷಡ್ಜಗಳು ಥಟ್ಟನೆ ಕಣ್ಣು ತೆರೆದವು. ಹುಡುಗನು ಬೆರಗಾದನು. ಆದರೆ ಪಂಚಮವೂ ಖರ್ಜವೂ ಏಳಲಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಆ ಎರಡು ತಂತಿಗಳು ವರ್ಷಗಳ ಕಾಲ ಕೊರೆದ ಗೆರೆಗಳು ಮೂಳೆಯಲ್ಲಿ ಆಳವಾಗಿ ಇಳಿದಿದ್ದವು. ಇನ್ನು ತಿಕ್ಕದೆ ಗತ್ಯಂತರವಿರಲಿಲ್ಲ.

ಮಗನು, ಎಂದರೆ ಹುಡುಗನ ತಂದೆ, ಮಿರಜಕ್ಕೆ ಕಳಿಸೋಣವೆಂದರು. ಅದು ವಿವೇಕದ ಮಾತೇ. ಹುಬ್ಬಳ್ಳಿಯಲ್ಲಿ ರೈಲು ಹತ್ತಿ ಲೋಂಡಾ, ಬೆಳಗಾವಿಗಳನ್ನು ದಾಟಿದರೆ ಮಿರಜ. ಹತ್ತೊಂಬತ್ತನೆಯ ಶತಮಾನದಿಂದ ಅಲ್ಲಿ ಸಿತಾರ-ತಂಬೂರಿಗಳನ್ನು ಮಾಡುವ ಮನೆತನಗಳಿವೆ. ೨೦೨೪ರಲ್ಲಿ ಅಲ್ಲಿಯ ಆ ಎರಡು ವಾದ್ಯಗಳಿಗೂ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಅಲ್ಲಿಯ ಕುಶಲಿಗಳು ನಾಲ್ಕು ಬಾರಿ ಅರವಾಡಿಸಿದರೆ ಕೆಲಸ ಮುಗಿದೀತು. ಆದರೆ ಅಜ್ಜಿ ಒಪ್ಪಲಿಲ್ಲ.

“ನನ್ನ ಕಿವಿ ಇನ್ನೂ ಒಂದಿಷ್ಟು ಕೇಳ್ತಾವ. ಇವು ಮುಚ್ಚೂದರೊಳಗ ಇಂವಾ ಕಲೀಲಿ.”

ಮನೆಯವರು ನಿರುತ್ತರರಾದರು. ವೃದ್ಧಾಪ್ಯದಲ್ಲಿ ಕಿವಿಯು ಮೊದಲು ಕಳೆದುಕೊಳ್ಳುವುದು ಎತ್ತರದ ಸ್ವರಗಳನ್ನು. ಜವಾರಿಯ ಹೊಳಪು ಇರುವುದೂ ಅಲ್ಲಿಯೇ. ಆಕೆಯ ಎಡಗಿವಿ ಆಗಲೇ ಮಂದವಾಗಿತ್ತು. ಕುದುರೆ ಕೆಟ್ಟರೆ ಮಿರಜದಲ್ಲಿ ಇನ್ನೊಂದನ್ನು ಮಾಡಿಸಬಹುದು. ಹೇಗೆ ನುಡಿಯಬೇಕೆಂದು ಬಲ್ಲ ಆ ಕಿವಿಯನ್ನು ಎಲ್ಲಿ ಮಾಡಿಸುವುದು?

ಎಂಟು ದಿನ ಕೆಲಸ ನಡೆಯಿತು. ಕುದುರೆ ನಿಂತ ಜಾಗವನ್ನು ಪೆನ್ಸಿಲ್ಲಿನಿಂದ ಗುರುತು ಮಾಡಿಕೊಂಡು, ತಂತಿಯನ್ನು ಪಕ್ಕಕ್ಕೆ ಸರಿಸಿ, ನುಣುಪಾದ ಅರದಿಂದ ಹತ್ತೆಳೆತ. ಮತ್ತೆ ತಂತಿ ಬಿಗಿದು, ಶ್ರುತಿ ಕೂಡಿಸಿ, ದಾರವಿಟ್ಟು ಮೀಟುವುದು. ಅಜ್ಜಿ ಬಲಗಿವಿಯನ್ನು ಬುರುಡೆಗೆ ಆನಿಸಿ ಕಣ್ಣು ಮುಚ್ಚಿ ಕೂಡುವರು. “ಮುಂದ ಇನ್ನೂ ಎತ್ತರ ಅದ” ಎಂದರೆ ಮತ್ತೆ ಅರ. “ಸಾಕು” ಎಂದರೆ ಅಂದಿಗೆ ಮುಕ್ತಾಯ. ಅಳತೆಪಟ್ಟಿಯಿಂದ ಗಿಟಾರನ್ನು ಗೆದ್ದವನಿಗೆ ಇಲ್ಲಿ ಅಳತೆಪಟ್ಟಿಯೇ ಇಲ್ಲ. ಮೊದಮೊದಲು ಅವಳ “ಸಾಕು” ಏಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಆರನೆಯ ದಿನ ಆಕೆ ಬಾಯಿ ತೆರೆಯುವ ಮೊದಲೇ ಅವನ ಕೈ ನಿಂತಿತು.

ಪಂಚಮ ಚೆನ್ನಾಗಿ ತೆರೆಯಿತು. ಖರ್ಜವು ಅರ್ಧ ಮಾತ್ರ. ಗೆರೆಯ ಬುಡ ಇನ್ನೂ ಉಳಿದಿತ್ತು. ಇನ್ನಷ್ಟು ತಿಕ್ಕಿದರೆ ತೆರೆದೀತು, ಅಥವಾ ತೆರೆದದ್ದೂ ಹೋದೀತು. “ಮೊದಲಿನ ದನಿ ಅಲ್ಲ. ಆದ್ರ ದನಿ ಅದ” ಎಂದು ಹೇಳಿ ಅಜ್ಜಿ ಅರವನ್ನು ಒಳಗಿಡಿಸಿದರು.

ಇಂದು ಕೈಯ ಫೋನಿನಲ್ಲಿಯೇ ತಂಬೂರಿ ನುಡಿಯುತ್ತದೆ. ಶ್ರುತಿ ತಪ್ಪದು, ತಂತಿ ಹರಿಯದು. ಅನುಕೂಲವನ್ನು ಹಳಿಯುವುದು ಸಲ್ಲದು. ಆದರೆ ಮನೆಯ ಮೂಲೆಯಲ್ಲಿ ಗವಸಿನ ತಂಬೂರಿಯಿದ್ದು, ಅದನ್ನು ನುಡಿಸಿದ ಕಿವಿಯೂ ಇನ್ನೂ ಮನೆಯಲ್ಲಿದ್ದರೆ, ಅಂತಹ ಓದುಗರು ಅರವನ್ನು ಹುಡುಕುವ ಮೊದಲು ನಾಲ್ಕು ಎಳೆ ಹತ್ತಿಯ ದಾರವನ್ನು ಹುಡುಕಲಿ. ಎಳೆಯರು ಅದನ್ನು ಸರಿಸಲಿ, ಹಿರಿಯರು ಕೇಳಲಿ. ಮಳೆಗಾಲ ಮುಗಿಯಲೆಂದು ಮರದ ಕೆಲಸವನ್ನು ಮುಂದೂಡಬಹುದು. ಈ ಕೆಲಸವನ್ನು ಮಾತ್ರ ಮುಂದೂಡಬಾರದು.