ಕಾಯಂ ವಿಳಾಸ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ವಾಸವಾಗಿರುವವರಿಗೆ ಅಂಕಗಣಿತದ ಅಭ್ಯಾಸವು ಅಪ್ರಯತ್ನವಾಗಿ ಒದಗಿಬರುವುದೆಂದು ನಾನು ಎಷ್ಟೋ ಸಲ ಭಾವಿಸಿದ್ದೇನೆ. ಇಂತಿಷ್ಟನೆಯ ಬ್ಲಾಕು, ಇಂತಿಷ್ಟನೆಯ ಮೇನು, ಇಂತಿಷ್ಟನೆಯ ಕ್ರಾಸು ಎಂದು ಸಂಖ್ಯೆಗಳಿಂದಲೇ ಅಲಂಕೃತವಾದ ಜಯನಗರದ ವಿಳಾಸವನ್ನು ಹಿಡಿದು ಹೊರಟವನು, ಎಣಿಸಬಲ್ಲವನಾದರೆ, ಯಾರನ್ನೂ ಕೇಳದೆ ಗುರಿ ಮುಟ್ಟಬೇಕು. ಆದರೆ ನಾಲ್ಕನೆಯ ಬ್ಲಾಕಿನ ಮಗ್ಗುಲಲ್ಲಿಯೇ ನಾಲ್ಕನೆಯ ‘ಟಿ’ ಬ್ಲಾಕೆಂಬುದೊಂದು ಎದುರಾಗಿ ಅವನ ಗಣಿತಗರ್ವವನ್ನು ಇಳಿಸಿಬಿಡುವುದರಿಂದ, ಕಟ್ಟಕಡೆಗೆ ಅವನು ಬೇಕರಿಯವನನ್ನೋ ಹೂವಾಡಗಿತ್ತಿಯನ್ನೋ ಆಶ್ರಯಿಸುವುದೇ ರೂಢಿ.

ನಮ್ಮ ಮಹಡಿಯ ಕೋಣೆಗೆ ಟಾಂಜಾನಿಯದ ದಾರ್ ಎಸ್ ಸಲಾಮಿನಿಂದ ಬಂದ ವಿದ್ಯಾರ್ಥಿನಿಗೆ ಈ ದಾರಿ ಹುಡುಕುವ ಕಷ್ಟವು ಕಷ್ಟವೆಂದೇ ಅನಿಸಲಿಲ್ಲ. ಏಕೆಂದರೆ ಅದಕ್ಕಿಂತ ದೊಡ್ಡದನ್ನು ಅವಳು ಆಗಲೇ ದಾಟಿ ಬಂದಿದ್ದಳು. ಬಿಟಿಎಂ ಬಡಾವಣೆಯಿಂದ ಬನಶಂಕರಿಯವರೆಗೆ ‘ಟು ಲೆಟ್’ ಹಲಗೆ ಕಂಡಲ್ಲೆಲ್ಲ ಅವಳು ಗೇಟು ತಟ್ಟಿದ್ದಳಂತೆ. ಫೋನಿನಲ್ಲಿ ಖಾಲಿಯಿದ್ದ ಮನೆಯು ಮುಖ ಕಂಡೊಡನೆ ಭರ್ತಿಯಾಗುತ್ತಿತ್ತಂತೆ. ಭರ್ತಿಯಾಗದೆ ಉಳಿದ ಮನೆಯ ಒಡೆಯರು ಹತ್ತು ತಿಂಗಳ ಅಡ್ವಾನ್ಸು ಕೇಳುತ್ತಿದ್ದರಂತೆ. ಇದರೊಡನೆ ಸರಕಾರದ ಗಡುವು ಬೇರೆ. ಪರದೇಶದ ವಿದ್ಯಾರ್ಥಿಯು ಬಂದ 14 ದಿನಗಳೊಳಗಾಗಿ ವಿದೇಶೀಯರ ನೋಂದಣಿ ಕಚೇರಿಯಲ್ಲಿ ಹೆಸರು ಬರೆಸಬೇಕು. ಹೆಸರು ಬರೆಸಲು ವಿಳಾಸ ಬೇಕು. ವಿಳಾಸ ಕೊಡತಕ್ಕ ಮನೆಯವನಿಗೋ ಮೊದಲು ಅವಳ ಕಾಗದಪತ್ರಗಳೆಲ್ಲ ನೆಟ್ಟಗಿರಬೇಕು. ಅಂತೂ ನಾನು ‘ಸಿ ಫಾರಂ’ ಎಂಬುದನ್ನು 24 ಗಂಟೆಗಳೊಳಗೆ ತುಂಬಿ ಕಳುಹಿಸಿ, ಹನ್ನೊಂದು ತಿಂಗಳ ಕರಾರುಪತ್ರಕ್ಕೆ ರುಜು ಹಾಕಿ, ಅವಳ ಕಾನೂನುಬದ್ಧ ಅಸ್ತಿತ್ವಕ್ಕೆ ನಿಮಿತ್ತಮಾತ್ರನಾದೆನು.

ಮನುಷ್ಯನನ್ನು ಕಾಣುವುದಕ್ಕೆ ಮೊದಲು ಅವನ ನೆಲೆಯನ್ನು ಕೇಳುವ ಪದ್ಧತಿಯೇನೂ ಇಂದಿನದಲ್ಲ. 1537ರಲ್ಲಿ ಕೆಂಪೇಗೌಡನು ಕಟ್ಟಿಸಿದನೆನ್ನುವ ಊರಿನಲ್ಲಿ ಅಕ್ಕಿಪೇಟೆ, ಅರಳೆಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ ಎಂದು ಬೀದಿಯ ಹೆಸರೇ ನಿವಾಸಿಯ ವೃತ್ತಿಯನ್ನು ಸಾರುತ್ತಿದ್ದು, ಅಲ್ಲಿ ನೆಲೆಗೊಳ್ಳತಕ್ಕವನು ಯಾರಾದರೊಬ್ಬರ ಪೈಕಿಯವನಾಗಿರಬೇಕಾಗಿತ್ತು. 1898ರ ಪ್ಲೇಗು ಆ ಇಕ್ಕಟ್ಟಿನಿಂದ ಜನರನ್ನು ಬಯಲಿಗೆಬ್ಬಿಸಿದ ಮೇಲೆ ಬಸವನಗುಡಿ, ಮಲ್ಲೇಶ್ವರಗಳು ಬೆಳೆದುವು. ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಗವರ್ನರ್ ಜನರಲ್ ರಾಜಗೋಪಾಲಾಚಾರ್ಯರಿಂದ ಜಯನಗರಕ್ಕೆ ಅಸ್ತಿಭಾರವಾಯಿತು, ಅದರ ಸಾಕ್ಷಿಯಾಗಿ ಅಶೋಕಸ್ತಂಭವು ಇಂದಿಗೂ ನಿಂತಿದೆ. ಈ ಹೊಸ ಬಡಾವಣೆಯ ಬೀದಿಗಳಿಗೆ ಹೆಸರಿಗೆ ಬದಲು ಸಂಖ್ಯೆಗಳನ್ನು ಕೊಟ್ಟವರನ್ನು ನಾನು ಬಹುಕಾಲ ಅರಸಿಕರೆಂದು ಹಳಿಯುತ್ತಿದ್ದೆ. ಈಗೀಗ ಆ ಶುಷ್ಕತೆಯಲ್ಲಿಯೇ ಒಂದು ಔದಾರ್ಯವಿದೆಯೆಂದು ತೋರುತ್ತದೆ: ಹದಿನೇಳನೆಯ ಕ್ರಾಸು ಯಾರ ಪೂರ್ವಿಕರದೂ ಅಲ್ಲವಾದ್ದರಿಂದ ಅಲ್ಲಿಗೆ ಯಾರೂ ಬರಬಹುದು. ಸಂಖ್ಯೆಗೆ ಕುಲಗೋತ್ರಗಳಿಲ್ಲ, ಅವುಗಳನ್ನು ವಿಚಾರಿಸುವ ಕೆಲಸವನ್ನು ಮನೆಯ ಒಡೆಯರಾದ ನಾವು ಮರಳಿ ವಹಿಸಿಕೊಂಡಿದ್ದೇವೆ, ಅಷ್ಟೆ.

ನಾವಾದರೂ ಎಲ್ಲಿಂದ ಬಂದವರು? ನಾನು ತೀರ್ಥಹಳ್ಳಿಯ ಕಡೆಯಿಂದ ತಗಡಿನ ಟ್ರಂಕು ಹೊತ್ತು ಓದಲೆಂದು ಇಳಿದವನು. ಆ ಕಾಲದ ಹಳ್ಳಿಯ ಹುಡುಗರಿಗೆಲ್ಲ ಧೈರ್ಯ ಕೊಡುತ್ತಿದ್ದುದು ಎಚ್. ನರಸಿಂಹಯ್ಯನವರ ಕಥೆ: ಗೌರಿಬಿದನೂರು ಸೀಮೆಯ ಹೊಸೂರಿನಿಂದ 1935ರಲ್ಲಿ ಬೆಂಗಳೂರಿನವರೆಗೆ ನಡೆದೇ ಬಂದು ನ್ಯಾಷನಲ್ ಹೈಸ್ಕೂಲು ಸೇರಿದ ಹುಡುಗನು, ಮುಂದೆ ಅಮೆರಿಕದ ಒಹಾಯೊ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ತಾನೇ ಪರದೇಶದ ವಿದ್ಯಾರ್ಥಿಯಾಗಿ ಪರಮಾಣು ಬೀಜ ಭೌತವಿಜ್ಞಾನದಲ್ಲಿ ಡಾಕ್ಟರೇಟು ಪಡೆದು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯ ಪದವಿಗೇರಿದರೂ, ಸ್ವಂತ ಮನೆಯೆಂಬುದನ್ನು ಮಾಡಿಕೊಳ್ಳದೆ ಬಸವನಗುಡಿಯ ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದಲ್ಲಿಯೇ ಬಾಳಿದರು. ನಮ್ಮ ಹಾಸ್ಟೆಲಿನಲ್ಲಿ ನನಗೆ ಎದುರಾದ ಪರದೇಶವೆಂದರೆ ರಾಗಿಮುದ್ದೆ. ಕಡುಬು, ಗಂಜಿಗಳಲ್ಲಿ ಬೆಳೆದ ಮಲೆನಾಡಿನ ಗಂಟಲು ಅದನ್ನು ಅಗಿಯದೆ ನುಂಗುವ ವಿದ್ಯೆಯನ್ನು ಕಲಿಯಲು ಬಹಳವೇ ಪರದಾಡಿತು.

ಆದುದರಿಂದಲೇ, ಒಂದು ಭಾನುವಾರ ನನ್ನ ಮನೆಯಾಕೆ “ಬಾರಮ್ಮ, ಒಂದು ತುತ್ತು ಊಟ ಮಾಡು” ಎಂದು ಕರೆದು ಬಡಿಸಿದ ಮುದ್ದೆಯನ್ನು ಆ ಹುಡುಗಿ ಯಾರೂ ಹೇಳಿಕೊಡದೆಯೇ ಬೆರಳುಗಳಿಂದ ಮುರಿದು, ಉಂಡೆಗಟ್ಟಿ, ಸೊಪ್ಪಿನ ಸಾರಿನಲ್ಲಿ ಅದ್ದಿ ಬಾಯಿಗಿಟ್ಟುದನ್ನು ಕಂಡು ನನಗೆ ಅಸೂಯೆಯೇ ಆಯಿತು. ಅವಳ ನಾಡಿನಲ್ಲಿ ಮುಸುಕಿನ ಜೋಳದ ಹಿಟ್ಟಿನ ‘ಉಗಾಲಿ’ಯನ್ನು ಹೀಗೆಯೇ ಉಣ್ಣುವರಂತೆ, ರಾಗಿಯ ಗಂಜಿಯನ್ನೂ ಮಕ್ಕಳಿಗೆ ಕುಡಿಸುವರಂತೆ. ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ನಮ್ಮ ಹಳೆಯ ಮೈಸೂರು ಸೀಮೆಯ ಮೂಳೆಮಾಂಸಗಳಿಗೆ ಆಧಾರವೆಂದು ನಾವು ಕೊಂಡಾಡುವ ಈ ರಾಗಿಯು ಮೊದಲು ಬೇಸಾಯಕ್ಕೆ ಒಳಪಟ್ಟುದು ಇಥಿಯೋಪಿಯ, ಉಗಾಂಡಗಳ ಎತ್ತರದ ನೆಲದಲ್ಲಿ. ಅಲ್ಲಿಂದ ಸಹಸ್ರಾರು ವರ್ಷಗಳ ಹಿಂದೆ ನಮ್ಮಲ್ಲಿಗೆ ಬಂದು, ಅಡ್ವಾನ್ಸಿಲ್ಲದೆ, ಕರಾರುಪತ್ರವಿಲ್ಲದೆ ಹೊಲಗಳನ್ನು ತುಂಬಿಕೊಂಡಿತು. ‘ಬಿಟಿಎಂ’ ಎಂಬ ಮೂರಕ್ಷರಗಳಲ್ಲಿ ಅಡಗಿ ಕುಳಿತಿರುವ ಬೈರಸಂದ್ರ, ತಾವರೆಕೆರೆ, ಮಡಿವಾಳಗಳು ಹಳ್ಳಿಗಳಾಗಿದ್ದಾಗ ಅಲ್ಲಿಯ ಮಕ್ಕಳನ್ನು ಸಾಕಿದ ಅನ್ನವು ಈ ಹುಡುಗಿಯ ಕಡೆಯ ನಂಟೇ ಹೊರತು ನನ್ನ ಕಡೆಯದಲ್ಲ.

ಸಿ ಫಾರಮಿನಲ್ಲಿ ‘ಕಾಯಂ ವಿಳಾಸ’ವೆಂಬುದೊಂದು ಅಂಕಣವಿತ್ತು. ಅವಳು ತನ್ನ ತಾಯಿ ಇರುವ ಮನೆಯ ವಿಳಾಸವನ್ನು ಅಲ್ಲಿ ತಡವರಿಸದೆ ಬರೆಸಿದಳು. ಅಂಥದೇ ಅಂಕಣಗಳಲ್ಲಿ ನಾನು ನನ್ನ ಉದ್ಯೋಗಕಾಲದುದ್ದಕ್ಕೂ ಮಲೆನಾಡಿನ ಮನೆಯನ್ನೇ ನಮೂದಿಸುತ್ತ ಬಂದವನು. ಆ ಮನೆ ಪರರ ಪಾಲಾಗಿ, ಹೆಂಚಿಳಿದು ತಾರಸಿಯಾದ ಮೇಲೂ ಹಾಗೆಯೇ ಬರೆದವನು. ನಮ್ಮಿಬ್ಬರಲ್ಲಿ ಕಾಯಂ ವಿಳಾಸದ ಪುರಾವೆಯನ್ನು ಯಾರಾದರೂ ಕೇಳುವುದಾದರೆ, ನೆಟ್ಟಗೆ ಉತ್ತರಿಸಬಲ್ಲವಳು ಅವಳೇ. ಈ ನಿಜವು ಮನೆಯ ಒಡೆಯರಿಗೆಲ್ಲ ಆಗಾಗ ನೆನಪಾಗುವಂತಿದ್ದರೆ ಗೇಟುಗಳು ಇನ್ನಷ್ಟು ಸಲೀಸಾಗಿ ತೆರೆಯುತ್ತಿದ್ದುವು, ಹತ್ತು ತಿಂಗಳ ಅಡ್ವಾನ್ಸೂ ಐದಕ್ಕಾದರೂ ಇಳಿಯುತ್ತಿತ್ತು.